ಏಳು ವೆಕ್ಟರ್‌ಗಳ ನಂತರ ನಿಂತ ಹರಿವು: ಗ್ನೂ ರೇಡಿಯೊ ರಿಸೀವರ್ ಒಂದರ ಪ್ರಕರಣ ಅಧ್ಯಯನ

ರೇಡಿಯೊ ಸಂಕೇತಗಳನ್ನು ಕಂಪ್ಯೂಟರ್‌ನಲ್ಲೇ ಸಂಸ್ಕರಿಸುವ ತಂತ್ರಾಂಶವಾದ ಗ್ನೂ ರೇಡಿಯೊದಲ್ಲಿ ಕಟ್ಟಿದ ರಿಸೀವರ್ ಒಂದು ಚಾಲೂ ಆದ ಮರುಕ್ಷಣವೇ ಯಾವ ದೋಷಸಂದೇಶವನ್ನೂ ಕೊಡದೆ ನಿಂತುಹೋದ ಪ್ರಕರಣವಿದು. ಸಂಸ್ಥೆ, ವಿದ್ಯಾರ್ಥಿಗಳು ಮತ್ತು ಉಪಗ್ರಹದ ಗುರುತು ಸಿಗುವಂಥ ವಿವರಗಳನ್ನು ಬಿಟ್ಟಿದ್ದೇನೆ. ಫ್ಲೋಗ್ರಾಫ್‌ನ, ಅಂದರೆ ಸಂಕೇತ ಹರಿಯುವ ಬ್ಲಾಕ್‌ಗಳ ಜೋಡಣೆಯ, ಅಂಕಿಗಳನ್ನು ಮಾತ್ರ ಇದ್ದಂತೆಯೇ ಕೊಟ್ಟಿದ್ದೇನೆ. ಏಕೆಂದರೆ ತೊಂದರೆಯ ಕಾರಣ ಅಡಗಿದ್ದುದು ಆ ಅಂಕಿಗಳ ನಡುವಿನ ಸಂಬಂಧದಲ್ಲೇ.

ಹಿನ್ನೆಲೆ

ಒಂದು ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು ಸಣ್ಣ ಉಪಗ್ರಹಗಳ ಬೀಕನ್ (ತಮ್ಮ ಇರವು, ಸ್ಥಿತಿ ತಿಳಿಸಲು ಅವು ಕಳಿಸುವ ಸಂಕೇತ) ಸ್ವೀಕರಿಸಲು ಪುಟ್ಟ ಭೂಕೇಂದ್ರವೊಂದನ್ನು ನಡೆಸುತ್ತಿದ್ದರು. ಅವರ ಕೆಲಸವೆಲ್ಲ 435ರಿಂದ 438 ಮೆಗಾಹರ್ಟ್ಜ್‌ವರೆಗಿನ ಹವ್ಯಾಸಿ ಉಪಗ್ರಹ ಬ್ಯಾಂಡಿನಲ್ಲಿ. ಚಾವಣಿಯ ಮೇಲೆ ಆಂಟೆನಾ ಮತ್ತು ಆಂಪ್ಲಿಫೈಯರ್, ಕೆಳಗಿನ ಕೋಣೆಯಲ್ಲಿ ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ (ಯುಎಸ್‌ಬಿಗೆ ಚುಚ್ಚುವ ಪುಟ್ಟ ರೇಡಿಯೊ ಸಾಧನ), ಅದರ ಜೊತೆಗೆ ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್. ಸಂಕೇತ ಸಂಸ್ಕರಣೆಯೆಲ್ಲ ಗ್ನೂ ರೇಡಿಯೊದಲ್ಲಿ ನಡೆಯುತ್ತಿತ್ತು. 2001ರಲ್ಲಿ ಎರಿಕ್ ಬ್ಲಾಸಮ್ ಆರಂಭಿಸಿದ ಈ ಮುಕ್ತ ತಂತ್ರಾಂಶದಲ್ಲಿ ಫಿಲ್ಟರ್, ಎಫ್‌ಎಫ್‌ಟಿ (ಸಂಕೇತವನ್ನು ಅದರಲ್ಲಿನ ಆವರ್ತನಗಳಾಗಿ ಬಿಡಿಸುವ ಲೆಕ್ಕ), ಡಿಮಾಡ್ಯುಲೇಟರ್ ಮುಂತಾದ ಬ್ಲಾಕ್‌ಗಳನ್ನು ಒಂದಕ್ಕೊಂದು ಜೋಡಿಸಿದರೆ ಫ್ಲೋಗ್ರಾಫ್ ಸಿದ್ಧವಾಗುತ್ತದೆ. ಪ್ರತಿ ಬ್ಲಾಕ್ ತನ್ನದೇ ಥ್ರೆಡ್‌ನಲ್ಲಿ, ಅಂದರೆ ಉಳಿದವುಗಳ ಜೊತೆಜೊತೆಗೇ ಆದರೆ ಬಿಡಿಯಾಗಿ, ಓಡುತ್ತದೆ. ಪ್ರತಿ ಬ್ಲಾಕಿನ ಔಟ್‌ಪುಟ್‌ಗೆ ಒಂದು ವರ್ತುಲಾಕಾರದ ಬಫರ್ (ದತ್ತಾಂಶ ತಾತ್ಕಾಲಿಕವಾಗಿ ಕಾಯುವ ಸ್ಮೃತಿಯ ಜಾಗ) ಇರುತ್ತದೆ, ಮುಂದಿನ ಬ್ಲಾಕ್‌ಗಳು ಅದರಿಂದ ಓದಿಕೊಳ್ಳುತ್ತವೆ.

ಡಾಂಗಲ್ ಸೆಕೆಂಡಿಗೆ 19.2 ಲಕ್ಷ ಸ್ಯಾಂಪಲ್ (ಸಂಕೇತದ ಕ್ಷಣಕ್ಷಣದ ಅಳತೆ) ಕೊಡುತ್ತಿತ್ತು. ಮೊದಲ ಫಿಲ್ಟರ್ ಅದನ್ನು ನಲವತ್ತರಲ್ಲಿ ಒಂದು ಭಾಗಕ್ಕೆ ಇಳಿಸಿ ಸೆಕೆಂಡಿಗೆ 48,000 ಸಂಕೀರ್ಣ (ಎರಡು ಸಂಖ್ಯೆಗಳ ಜೋಡಿಯಾದ) ಸ್ಯಾಂಪಲ್‌ಗಳಿಗೆ ತರುತ್ತಿತ್ತು. ಅಲ್ಲಿಂದ ದಾರಿ ಎರಡು ಕವಲಾಗುತ್ತಿತ್ತು, ಏಕೆಂದರೆ ಉಪಗ್ರಹದ ಆವರ್ತನ ಒಂದೆಡೆ ನಿಲ್ಲುವುದಿಲ್ಲ. ಕೆಳಕಕ್ಷೆಯ ಉಪಗ್ರಹ ನಮ್ಮತ್ತ ಬರುವಾಗ ಮತ್ತು ದೂರ ಸರಿಯುವಾಗ 437 ಮೆಗಾಹರ್ಟ್ಜ್‌ನ ಬೀಕನ್ ಡಾಪ್ಲರ್ ಪರಿಣಾಮದಿಂದ ಸುಮಾರು ಹತ್ತು ಕಿಲೋಹರ್ಟ್ಜ್‌ನಷ್ಟು ಆಚೀಚೆ ಜಾರುತ್ತದೆ. ಕಕ್ಷೆಯ ಅಂಕಿಅಂಶಗಳಿಂದ ಇದನ್ನು ಮುಂಚಿತವಾಗಿ ಲೆಕ್ಕ ಹಾಕಬಹುದು. ಆದರೆ ಉಡಾವಣೆಯಾದ ಹೊಸತರಲ್ಲಿ ಆ ಅಂಕಿಗಳು ನಂಬುವಷ್ಟು ನಿಖರವಾಗಿರುವುದಿಲ್ಲ. ಅದಲ್ಲದೆ ಆವರ್ತನಕ್ಕೆ ಆಧಾರವಾದ ಡಾಂಗಲ್‌ನ ಸ್ಫಟಿಕವೂ ಉಪಗ್ರಹದ ಸ್ಫಟಿಕವೂ ಬಿಸಿಯಾದಂತೆ ಸರಿಯುತ್ತವೆ, ಮತ್ತು ಹತ್ತು ಲಕ್ಷಕ್ಕೆ ಒಂದು ಭಾಗದಷ್ಟು ದೋಷ ಈ ಬ್ಯಾಂಡಿನಲ್ಲಿ 437 ಹರ್ಟ್ಜ್ ಆಗುತ್ತದೆ. ಆದ್ದರಿಂದ ಬಂದ ಸಂಕೇತದಿಂದಲೇ ಆವರ್ತನವನ್ನು ಅಂದಾಜು ಮಾಡುವ ದಾರಿಯನ್ನು ವಿದ್ಯಾರ್ಥಿಗಳು ಆರಿಸಿಕೊಂಡಿದ್ದರು. ಅದು ಸರಿಯಾದ ನಿರ್ಧಾರವೇ ಆಗಿತ್ತು.

ಮೊದಲ ಕವಲನ್ನು ಅಂದಾಜು ಕವಲು ಎಂದು ಕರೆಯೋಣ. ಅದರಲ್ಲಿ 1024 ಸ್ಯಾಂಪಲ್‌ಗಳನ್ನು ಒಂದು ವೆಕ್ಟರ್ ಆಗಿ ಕಟ್ಟುವ ಬ್ಲಾಕ್, ನಂತರ ಎಫ್‌ಎಫ್‌ಟಿ, ನಂತರ ಶಕ್ತಿ ಲೆಕ್ಕಹಾಕುವ ಬ್ಲಾಕ್, ಕೊನೆಗೆ ವಿದ್ಯಾರ್ಥಿಗಳೇ ಪೈಥಾನ್‌ನಲ್ಲಿ ಬರೆದ ಅಂದಾಜು ಬ್ಲಾಕ್ ಇದ್ದವು. ಅಂದಾಜು ಬ್ಲಾಕ್ ಕೆಲವು ವರ್ಣಪಟಲಗಳ ಸರಾಸರಿ ತೆಗೆದು, ನಾಯ್ಸ್ ಮಟ್ಟದಿಂದ ಮೇಲಿರುವ ಶಕ್ತಿ ಎಲ್ಲಿ ಕೇಂದ್ರೀಕೃತವಾಗಿದೆಯೆಂದು ನೋಡಿ, ಒಂದು ಆವರ್ತನದ ಬೆಲೆಯನ್ನು ಹೊರಹಾಕುತ್ತಿತ್ತು. ಸರಾಸರಿಗೆ ಬಳಕೆಯಾದ ಸ್ಯಾಂಪಲ್‌ಗಳು ಎಷ್ಟೋ ಅಷ್ಟು ಸಲ ಆ ಬೆಲೆಯನ್ನು ಪುನರಾವರ್ತಿಸಿ, ಅದರಿಂದ ತಿದ್ದುಪಡಿಯ ತರಂಗ ಹುಟ್ಟಿಸಲಾಗುತ್ತಿತ್ತು. ಎರಡನೆಯದಾದ ನೇರ ಕವಲಿನಲ್ಲಿ ನಡುವೆ ಯಾವ ಬ್ಲಾಕೂ ಇರಲಿಲ್ಲ. ಫಿಲ್ಟರ್‌ನ ಔಟ್‌ಪುಟ್ ಸೀದಾ ಗುಣಕ ಬ್ಲಾಕಿಗೆ, ಅಂದರೆ ಎರಡು ಇನ್‌ಪುಟ್‌ಗಳನ್ನು ಗುಣಿಸುವ ಬ್ಲಾಕಿಗೆ, ಹೋಗುತ್ತಿತ್ತು. ಗುಣಕದಲ್ಲಿ ಎರಡೂ ಕವಲುಗಳು ಮತ್ತೆ ಕೂಡುತ್ತಿದ್ದವು. ಹೀಗೆ ಪ್ರತಿ ಸ್ಯಾಂಪಲ್‌ಗೂ ಅದೇ ಕಾಲಾವಧಿಯಿಂದ ಪಡೆದ ತಿದ್ದುಪಡಿ ಸಿಗುತ್ತಿತ್ತು, ಉಳಿದ ಸಣ್ಣ ದೋಷವನ್ನು ಮುಂದಿನ ಕೋಸ್ಟಾಸ್ ಲೂಪ್ (ಆವರ್ತನವನ್ನು ಬೆನ್ನಟ್ಟಿ ತಿದ್ದುತ್ತಾ ಹೋಗುವ ಬ್ಲಾಕ್) ನೋಡಿಕೊಳ್ಳುತ್ತಿತ್ತು.

ನಾಲ್ಕು ವರ್ಣಪಟಲಗಳ ಸರಾಸರಿ ಇಟ್ಟುಕೊಂಡು ಈ ವ್ಯವಸ್ಥೆ ತಿಂಗಳುಗಟ್ಟಲೆ ತೊಡಕಿಲ್ಲದೆ ಕೆಲಸ ಮಾಡಿತ್ತು.

ತೊಂದರೆ

ಉಪಗ್ರಹ ದಿಗಂತದ ಹತ್ತಿರವಿರುವಾಗ ಸಂಕೇತ ಬಲಹೀನವಾಗಿರುತ್ತದೆ. ನಾಲ್ಕು ವರ್ಣಪಟಲಗಳ ಸರಾಸರಿಯಲ್ಲಿ ಅಂದಾಜು ಅತ್ತಿತ್ತ ಹಾರುತ್ತಿದ್ದುದರಿಂದ ವಿದ್ಯಾರ್ಥಿಗಳು ಅದನ್ನು 32ಕ್ಕೆ ಏರಿಸಿದರು. ಕೂಡಲೇ ಪ್ರೋಗ್ರಾಂ ಒಂದು ಸಂದೇಶ ಕೊಟ್ಟು ನಿಂತಿತು. ಅಂದಾಜು ಬ್ಲಾಕ್ ತನಗೆ 32 ಇನ್‌ಪುಟ್ ಬೇಕೆನ್ನುತ್ತಿದೆ, ಆದರೆ ಎಂದೆಂದಿಗೂ ಕೊಡಲು ಸಾಧ್ಯವಿರುವುದು 15 ಮಾತ್ರ ಎಂಬುದು ಆ ಸಂದೇಶದ ತಾತ್ಪರ್ಯ.

ಈ ಸಂದೇಶ ಅತ್ಯಂತ ಪ್ರಾಮಾಣಿಕವಾದದ್ದು, ಮತ್ತು ಮುಂದಿನದಕ್ಕೆಲ್ಲ ಸುಳಿವು ಅದರಲ್ಲೇ ಇತ್ತು. ಗ್ನೂ ರೇಡಿಯೊ ಸಾಮಾನ್ಯವಾಗಿ ಪ್ರತಿ ಔಟ್‌ಪುಟ್‌ಗೆ 64 ಕಿಲೋಬೈಟ್‌ನ ಬಫರ್ ಕೊಡುತ್ತದೆ. 1024 ಅಂಶಗಳ ಶಕ್ತಿ ವೆಕ್ಟರ್ ಒಂದು 4096 ಬೈಟ್ ಹಿಡಿಯುತ್ತದೆ, ಆದ್ದರಿಂದ ಬಫರ್‌ನಲ್ಲಿ 16 ವೆಕ್ಟರ್‌ಗಳಿಗೆ ಜಾಗ. ಅದರಲ್ಲೂ ಒಂದು ಸ್ಥಾನ ಸದಾ ಖಾಲಿ ಇರಬೇಕು. ವರ್ತುಲಾಕಾರದ ಬಫರ್‌ನಲ್ಲಿ ಬರೆಯುವ ಸ್ಥಾನವೂ ಓದುವ ಸ್ಥಾನವೂ ಒಂದೇ ಆದಾಗ ಬಫರ್ ಖಾಲಿಯೋ ತುಂಬಿದೆಯೋ ಎಂಬ ಗೊಂದಲ ಹುಟ್ಟುತ್ತದೆ. ಒಂದು ಸ್ಥಾನ ಬಿಟ್ಟುಕೊಟ್ಟರೆ ಗೊಂದಲವಿಲ್ಲ. ಹೀಗೆ ಉಳಿಯುವುದು 15.

ಬ್ಲಾಕ್ ಬರೆದಿದ್ದ ವಿದ್ಯಾರ್ಥಿನಿ ಇದಕ್ಕೆ ಸಹಜವಾದ ಪರಿಹಾರವನ್ನೇ ಕಂಡುಕೊಂಡಳು. 32 ವೆಕ್ಟರ್‌ಗಳನ್ನು ಒಟ್ಟಿಗೆ ಕೇಳುವ ಬದಲು, ಬಂದಷ್ಟನ್ನು ತೆಗೆದುಕೊಂಡು ಬ್ಲಾಕಿನ ಒಳಗೇ ಕೂಡಿಸುತ್ತಾ, 32 ತುಂಬಿದಾಗ ಒಂದು ಬೆಲೆ ಹೊರಹಾಕುವಂತೆ ಬದಲಾಯಿಸಿದಳು. ಸಂದೇಶ ಮಾಯವಾಯಿತು. ಆದರೆ ಡಿಕೋಡರ್‌ಗೆ ಒಂದು ಬಿಟ್ ಕೂಡ ತಲುಪಲಿಲ್ಲ. ವರ್ಣಪಟಲದ ಕಿಟಕಿಯಲ್ಲಿ ಒಂದು ಚಿತ್ರ ಮೂಡಿ ಅಲ್ಲೇ ಹೆಪ್ಪುಗಟ್ಟಿತು. ಟರ್ಮಿನಲ್‌ನಲ್ಲಿ ಮಾತ್ರ ಇಂಗ್ಲಿಷಿನ ‘ಓ’ ಅಕ್ಷರ ಸಾಲುಸಾಲಾಗಿ ಮೂಡತೊಡಗಿತು. ಡಾಂಗಲ್‌ನಿಂದ ಬಂದ ಸ್ಯಾಂಪಲ್‌ಗಳನ್ನು ಪ್ರೋಗ್ರಾಂ ಸಮಯಕ್ಕೆ ಎತ್ತಿಕೊಳ್ಳದಿದ್ದರೆ ಬರುವ ಓವರ್‌ಫ್ಲೋ ಗುರುತು ಅದು.

ಪ್ರಯತ್ನಗಳು

ತಂಡದ ಮೊದಲ ಅನುಮಾನ ಯಂತ್ರದ ಮೇಲೆ ಬಿತ್ತು. ಓವರ್‌ಫ್ಲೋ ಬಂತೆಂದರೆ ಕಂಪ್ಯೂಟರ್‌ಗೆ ಕೆಲಸ ಹೆಚ್ಚಾಗಿದೆ ಎಂದು ಓದುವುದು ಈ ಕ್ಷೇತ್ರದ ರೂಢಿ, ಮತ್ತು ಹೆಚ್ಚಿನ ಸಂದರ್ಭಗಳಲ್ಲಿ ಅದು ನಿಜವೂ ಹೌದು. ಯುಎಸ್‌ಬಿ ಕೇಬಲ್ ಬದಲಾಯಿತು. ಪೈಗೆ ಬೇರೆ ಪವರ್ ಅಡಾಪ್ಟರ್ ಬಂತು. ಸ್ಯಾಂಪಲ್ ದರವನ್ನು ಅರ್ಧಕ್ಕೆ, ಅಂದರೆ 9.6 ಲಕ್ಷಕ್ಕೆ, ಇಳಿಸಿ ಫಿಲ್ಟರ್ ಅದನ್ನು ಇಪ್ಪತ್ತರಲ್ಲಿ ಒಂದು ಭಾಗಕ್ಕೆ ಇಳಿಸುವಂತೆ ಮಾಡಲಾಯಿತು. ಕೊನೆಗೆ ಇಡೀ ಫ್ಲೋಗ್ರಾಫನ್ನು ಸಾಕಷ್ಟು ಶಕ್ತಿಯ ಲ್ಯಾಪ್‌ಟಾಪ್ ಒಂದಕ್ಕೆ ವರ್ಗಾಯಿಸಿದರು. ಫಲಿತಾಂಶ ಎಲ್ಲೆಡೆ ಒಂದೇ ಆಗಿತ್ತು.

ಈ ಹಂತದಲ್ಲಿ ಅವರು ನನ್ನನ್ನು ಸಂಪರ್ಕಿಸಿದರು. "ಸರ್, ಎರರ್ ಒಂದೂ ಬರ್ತಿಲ್ಲ, ಆದ್ರೂ ಡೇಟಾ ಮುಂದಕ್ಕೆ ಹೋಗ್ತಿಲ್ಲ" ಎಂಬುದು ಅವರ ಮೊದಲ ಮಾತು. ನಾನು ಮೊದಲು ಕೇಳಿದ್ದು ಪ್ರೊಸೆಸರ್ ಎಷ್ಟು ದುಡಿಯುತ್ತಿದೆ ಎಂದು. ಉತ್ತರ: ಬಹುತೇಕ ಸುಮ್ಮನಿದೆ. ಪ್ರಕರಣ ಮೊದಲ ಬಾರಿಗೆ ತಿರುಗಿದ್ದು ಇಲ್ಲೇ. ಕೆಲಸದ ಹೊರೆಯಿಂದ ಬರುವ ಓವರ್‌ಫ್ಲೋ ಆಗಿದ್ದರೆ ಕನಿಷ್ಠ ಒಂದು ಕೋರ್ ಆದರೂ ಪೂರ್ತಿ ದುಡಿಯುತ್ತಿರಬೇಕು. ಪ್ರೊಸೆಸರ್ ಸುಮ್ಮನಿದ್ದು ಓವರ್‌ಫ್ಲೋ ಮಾತ್ರ ಬರುತ್ತಿದೆಯೆಂದರೆ ಯಾರೂ ಕೆಲಸ ಮಾಡುತ್ತಿಲ್ಲ ಎಂದರ್ಥ: ಎಲ್ಲ ಥ್ರೆಡ್‌ಗಳೂ ಯಾವುದಕ್ಕೋ ಕಾಯುತ್ತಿವೆ, ಯುಎಸ್‌ಬಿಯಿಂದ ಬಂದ ಸ್ಯಾಂಪಲ್‌ಗಳು ಹೋಗಲು ಜಾಗವಿಲ್ಲದೆ ಚೆಲ್ಲಿಹೋಗುತ್ತಿವೆ. ಈ ಎರಡು ಸ್ಥಿತಿಗಳಿಗೂ ಟರ್ಮಿನಲ್ ತೋರಿಸುವ ಗುರುತು ಒಂದೇ ಆಗಿರುವುದರಿಂದ, ಅದರ ಪಕ್ಕದಲ್ಲಿ ಪ್ರೊಸೆಸರ್‌ನ ಬಳಕೆಯನ್ನು ಇಟ್ಟು ಓದದೆ ಯಾವ ತೀರ್ಮಾನಕ್ಕೂ ಬರಬಾರದು.

ಯಂತ್ರವನ್ನು ಪೂರ್ತಿ ಬದಿಗಿಡಲು ಹಿಂದೆ ಉಳಿಸಿಟ್ಟಿದ್ದ ಕಚ್ಚಾ ಸ್ಯಾಂಪಲ್‌ಗಳ ಫೈಲನ್ನು ಡಾಂಗಲ್ ಜಾಗದಲ್ಲಿ ಇಟ್ಟೆವು. ಫೈಲ್ ಓದುವಾಗ ವೇಗಕ್ಕೆ ಯಾವ ಕಡಿವಾಣವೂ ಇಲ್ಲ; ಎಲ್ಲ ಸರಿಯಿದ್ದರೆ ಅದು ಬೇಗನೆ ಓದಿ ಮುಗಿದು ಪ್ರೋಗ್ರಾಂ ತಾನಾಗಿ ಕೊನೆಗೊಳ್ಳಬೇಕು. ಇಲ್ಲಿ ಕೊನೆಗೊಳ್ಳಲೇ ಇಲ್ಲ. ‘ಓ’ ಅಕ್ಷರಗಳೂ ಇಲ್ಲ, ಬರಿಯ ಮೌನ. ಡಾಂಗಲ್, ಕೇಬಲ್, ಪೈ, ಪವರ್ ಎಲ್ಲವೂ ಈ ಒಂದು ಪರೀಕ್ಷೆಯಲ್ಲಿ ಆರೋಪಮುಕ್ತವಾದವು.

ಆಗ ಅನುಮಾನ ಹೊಸದಾಗಿ ಬರೆದ ಅಂದಾಜು ಬ್ಲಾಕಿನತ್ತ ಹೊರಳಿತು. ಕೊನೆಗೆ ಬದಲಾದದ್ದು ಅದೇ ಆದ್ದರಿಂದ ಅನುಮಾನ ಸ್ವಾಭಾವಿಕ. ವಿದ್ಯಾರ್ಥಿನಿ ಅದನ್ನು ಫ್ಲೋಗ್ರಾಫ್‌ನಿಂದ ಬಿಡಿಸಿ, ಗುಣಕಕ್ಕೆ ಜೋಡಿಸದೆ, ಔಟ್‌ಪುಟ್ ಅನ್ನು ಸುಮ್ಮನೆ ಫೈಲ್‌ಗೆ ಬರೆಯುವಂತೆ ಇಟ್ಟು ಓಡಿಸಿದಳು. ಬ್ಲಾಕ್ ಸೊಗಸಾಗಿ ಕೆಲಸ ಮಾಡಿತು, ಪ್ರತಿ 32 ವೆಕ್ಟರ್‌ಗೆ ಒಂದು ಬೆಲೆ ಬಂತು. ಗುಣಕಕ್ಕೆ ಜೋಡಿಸಿದ ಕೂಡಲೇ ಮತ್ತೆ ಸ್ತಬ್ಧ. ಬ್ಲಾಕ್ ಸರಿಯಿದೆ, ಆದರೆ ಎರಡು ಕವಲು ಕೂಡುವ ಜಾಗದಲ್ಲಿ ಇದ್ದಾಗ ಮಾತ್ರ ಸರಿಯಿಲ್ಲ. ಈ ವಿಚಿತ್ರವನ್ನು ಆಕೆ ತನ್ನ ಟಿಪ್ಪಣಿಯಲ್ಲಿ ಸ್ಪಷ್ಟವಾಗಿ ಬರೆದಿಟ್ಟದ್ದು ಮುಂದಿನ ಹುಡುಕಾಟವನ್ನು ಬಹಳ ಮೊಟಕುಗೊಳಿಸಿತು.

ಎಣಿಕೆ

ಗ್ನೂ ರೇಡಿಯೊದ ಪ್ರತಿ ಬ್ಲಾಕ್ ತಾನು ಈವರೆಗೆ ಎಷ್ಟು ಅಂಶಗಳನ್ನು ಓದಿದೆ, ಎಷ್ಟನ್ನು ಬರೆದಿದೆ ಎಂಬ ಲೆಕ್ಕ ಇಟ್ಟಿರುತ್ತದೆ. ಪೈಥಾನ್‌ನಿಂದ ಆ ಎಣಿಕೆಗಳನ್ನು ಕೇಳಬಹುದು. ಫ್ಲೋಗ್ರಾಫ್ ಓಡುತ್ತಿರುವಾಗ ಪ್ರತಿ ಸೆಕೆಂಡಿಗೊಮ್ಮೆ ಎಲ್ಲ ಬ್ಲಾಕ್‌ಗಳ ಎಣಿಕೆಯನ್ನು ಮುದ್ರಿಸುವ ನಾಲ್ಕು ಸಾಲಿನ ಕೋಡ್ ಸೇರಿಸಿದೆವು. ಎರಡನೆಯ ಸೆಕೆಂಡಿನಿಂದಾಚೆ ಅಂಕಿಗಳು ಬದಲಾಗಲಿಲ್ಲ. ಫಿಲ್ಟರ್ ಬರೆದದ್ದು 8191. ವೆಕ್ಟರ್ ಕಟ್ಟುವ ಬ್ಲಾಕ್ ಓದಿದ್ದು 7168, ಬರೆದದ್ದು 7. ಎಫ್‌ಎಫ್‌ಟಿ ಓದಿದ್ದು 7, ಬರೆದದ್ದು 7. ಶಕ್ತಿ ಬ್ಲಾಕಿನದೂ ಅದೇ. ಅಂದಾಜು ಬ್ಲಾಕ್ ಓದಿದ್ದು 7, ಬರೆದದ್ದು ಸೊನ್ನೆ. ಗುಣಕ ಎರಡೂ ಕಡೆಯಿಂದ ಓದಿದ್ದು ಸೊನ್ನೆ.

ಲ್ಯಾಪ್‌ಟಾಪ್‌ನಲ್ಲೂ ಪೈಯಲ್ಲೂ, ಪೂರ್ಣ ದರದಲ್ಲೂ ಅರ್ಧ ದರದಲ್ಲೂ, ಡಾಂಗಲ್‌ನಿಂದಲೂ ಫೈಲ್‌ನಿಂದಲೂ ಈ ಅಂಕಿಗಳು ಒಂದಿಷ್ಟೂ ಕದಲಲಿಲ್ಲ. ವೇಗಕ್ಕೆ ಸಂಬಂಧಿಸಿದ ತೊಂದರೆ ಯಂತ್ರದಿಂದ ಯಂತ್ರಕ್ಕೆ ಬೇರೆ ಬೇರೆ ಜಾಗದಲ್ಲಿ ಕೈಕೊಡುತ್ತದೆ. ಎಲ್ಲಿ ಓಡಿಸಿದರೂ ಅದೇ ಸ್ಯಾಂಪಲ್‌ನಲ್ಲಿ ನಿಲ್ಲುವ ತೊಂದರೆ ಫ್ಲೋಗ್ರಾಫ್‌ನ ರಚನೆಯಲ್ಲೇ ಇರುತ್ತದೆ. ನನ್ನ ಅನುಭವದಲ್ಲಿ ಸ್ಥಗಿತಗೊಂಡ ಹರಿವನ್ನು ಕುರಿತು ಕೇಳಬೇಕಾದ ಪ್ರಶ್ನೆಗಳಲ್ಲಿ ಇದಕ್ಕಿಂತ ಹೆಚ್ಚು ಬೆಲೆಯುಳ್ಳದ್ದು ಇನ್ನೊಂದಿಲ್ಲ.

8191 ಎಂಬ ಅಂಕಿಯನ್ನು ಓದುವುದು ಈಗ ಕಷ್ಟವಲ್ಲ. ಒಂದು ಸಂಕೀರ್ಣ ಸ್ಯಾಂಪಲ್‌ಗೆ 8 ಬೈಟ್. 64 ಕಿಲೋಬೈಟ್‌ನಲ್ಲಿ 8192 ಸ್ಯಾಂಪಲ್. ಒಂದು ಸ್ಥಾನ ಖಾಲಿ ಬಿಟ್ಟರೆ 8191. ಫಿಲ್ಟರ್‌ನ ಬಫರ್ ತುಂಬಿಹೋಗಿದೆ. ಇಲ್ಲಿ ಮರೆಯಬಾರದ ಸಂಗತಿಯೆಂದರೆ ಕವಲು ಎರಡಾದರೂ ಬಫರ್ ಒಂದೇ. ಒಂದೇ ಬಫರ್‌ನಿಂದ ಇಬ್ಬರು ಓದುತ್ತಿರುವಾಗ, ಅತ್ಯಂತ ಹಿಂದುಳಿದವನು ಓದಿ ಮುಗಿಸಿದ ಜಾಗ ಮಾತ್ರ ಮತ್ತೆ ಬರೆಯಲು ಸಿಗುತ್ತದೆ. ಅಂದಾಜು ಕವಲು 7168 ಸ್ಯಾಂಪಲ್‌ಗಳನ್ನು ಓದಿದ್ದರೂ ನೇರ ಕವಲಿನ ಗುಣಕ ಒಂದನ್ನೂ ಓದಿಲ್ಲ, ಆದ್ದರಿಂದ ಒಂದು ಸ್ಥಾನವೂ ಬಿಡುಗಡೆಯಾಗಿಲ್ಲ.

ಗುಣಕ ಏಕೆ ಓದುತ್ತಿಲ್ಲ? ಅದಕ್ಕೆ ಎರಡು ಇನ್‌ಪುಟ್‌ಗಳೂ ಬೇಕು, ತಿದ್ದುಪಡಿಯ ಕಡೆಯಿಂದ ಏನೂ ಬಂದಿಲ್ಲ. ತಿದ್ದುಪಡಿ ಏಕೆ ಬಂದಿಲ್ಲ? ಅಂದಾಜು ಬ್ಲಾಕಿಗೆ 32 ವೆಕ್ಟರ್ ಬೇಕು, ಬಂದಿರುವುದು 7. ಎಂಟನೆಯ ವೆಕ್ಟರ್ ಏಕೆ ಬರುತ್ತಿಲ್ಲ? ವೆಕ್ಟರ್ ಕಟ್ಟಲು 1024 ಸ್ಯಾಂಪಲ್ ಬೇಕು, ಬಫರ್‌ನಲ್ಲಿ ಉಳಿದಿರುವುದು 1023. ಇನ್ನೊಂದು ಸ್ಯಾಂಪಲ್ ಫಿಲ್ಟರ್ ಏಕೆ ಕೊಡುತ್ತಿಲ್ಲ? ಜಾಗವಿಲ್ಲ, ಏಕೆಂದರೆ ಗುಣಕ ಓದಿಲ್ಲ. ಪ್ರಶ್ನೆಗಳು ಸುತ್ತು ಹಾಕಿ ಹೊರಟಲ್ಲಿಗೇ ಬಂದವು. ಯಾವ ಬ್ಲಾಕೂ ತಪ್ಪು ಮಾಡುತ್ತಿಲ್ಲ, ಪ್ರತಿಯೊಂದೂ ತನ್ನ ನಿಯಮದ ಪ್ರಕಾರ ನ್ಯಾಯವಾಗಿಯೇ ಕಾಯುತ್ತಿದೆ. ಹಾಗಾಗಿಯೇ ದೋಷಸಂದೇಶ ಕೊಡಲು ಯಾರಿಗೂ ಕಾರಣವಿರಲಿಲ್ಲ. ಮೊದಲ ಆವೃತ್ತಿಯಲ್ಲಿ ಒಂದೇ ಬ್ಲಾಕಿನ ಬೇಡಿಕೆ ಒಂದೇ ಬಫರ್‌ನ ಶಕ್ತಿಯನ್ನು ಮೀರಿದ್ದರಿಂದ ಬ್ಲಾಕ್‌ಗಳನ್ನು ಓಡಿಸುವ ಶೆಡ್ಯೂಲರ್‌ಗೆ ಅದು ಕಂಡಿತ್ತು. ಈಗ ಬೇಡಿಕೆ ಬ್ಲಾಕಿನ ಒಳಗೆ ಅಡಗಿ, ಕೊರತೆ ಹಲವು ಬ್ಲಾಕ್‌ಗಳ ಮೇಲೆ ಹರಡಿಕೊಂಡಿದೆ. ಪ್ರತಿ ಬ್ಲಾಕನ್ನು ಬಿಡಿಯಾಗಿ ನೋಡುವ ಶೆಡ್ಯೂಲರ್‌ಗೆ ಇದು ಕಾಣುವುದಿಲ್ಲ.

ಈ ವಿವರಣೆ ಸರಿಯೇ ಎಂದು ಪರೀಕ್ಷಿಸಲು ಒಂದು ಭವಿಷ್ಯವಾಣಿ ಸಾಕಿತ್ತು. ಸರಾಸರಿಯ ಸಂಖ್ಯೆ 7 ಇಟ್ಟರೆ 7168 ಸ್ಯಾಂಪಲ್ ಸಾಕು, ಅದು 8191ರ ಒಳಗಿದೆ, ಆದ್ದರಿಂದ ಹರಿಯಬೇಕು. 8 ಇಟ್ಟರೆ 8192 ಬೇಕು, ಒಂದು ಸ್ಯಾಂಪಲ್ ಕಡಿಮೆ ಬೀಳುತ್ತದೆ, ಆದ್ದರಿಂದ ನಿಲ್ಲಬೇಕು. ಓಡಿಸಿ ನೋಡಿದಾಗ ಏಳಕ್ಕೆ ಹರಿಯಿತು, ಎಂಟಕ್ಕೆ ನಿಂತಿತು. ಹಿಂದೆ ನಾಲ್ಕರ ಸರಾಸರಿ ತಿಂಗಳುಗಟ್ಟಲೆ ನಡೆದದ್ದು ವಿನ್ಯಾಸ ಸರಿಯಿದ್ದುದರಿಂದಲ್ಲ, ಪೂರ್ವನಿಯೋಜಿತ ಬಫರ್ ಅಷ್ಟಕ್ಕೆ ಸಾಕಾಗುತ್ತಿದ್ದುದರಿಂದ ಎಂಬುದೂ ಇದರಿಂದ ಸ್ಪಷ್ಟವಾಯಿತು.

ದತ್ತಾಂಶ ಹರಿವಿನ ಸಿದ್ಧಾಂತ ಬಲ್ಲವರಿಗೆ ಇದು ಅಪರಿಚಿತವಲ್ಲ. 1974ರಲ್ಲಿ ಜಿಲ್ ಕಾನ್ ವಿವರಿಸಿದ ಪ್ರಕ್ರಿಯಾ ಜಾಲಗಳಲ್ಲಿ ಓದುವವನು ಮಾತ್ರ ಕಾಯುತ್ತಾನೆ. ನಡುವಿನ ಸಾಲುಗಳಿಗೆ ಮಿತಿಯಿಲ್ಲದ ಕಾರಣ ಬರೆಯುವವನು ಎಂದೂ ಕಾಯಬೇಕಿಲ್ಲ. ನಿಜವಾದ ಯಂತ್ರದಲ್ಲಿ ಸ್ಮೃತಿಗೆ ಮಿತಿಯಿದೆ, ಆದ್ದರಿಂದ ಬರೆಯುವವನೂ ಕಾಯುತ್ತಾನೆ, ಮತ್ತು ಕಾಗದದ ಮೇಲೆ ನಿಲ್ಲದೆ ಹರಿಯುವ ಜಾಲ ಬಫರ್ ಚಿಕ್ಕದಾದ ಒಂದೇ ಕಾರಣಕ್ಕೆ ಸ್ತಂಭಿಸಬಹುದು. ನಮ್ಮ ಫ್ಲೋಗ್ರಾಫ್‌ನಲ್ಲಿ ಆದದ್ದು ಇದೇ.

ಪರಿಹಾರದ ದಾರಿಗಳು ಮತ್ತು ಆಯ್ಕೆ

ಕಾರಣ ತಿಳಿದ ಮೇಲೂ ಪರಿಹಾರ ಒಂದೇ ಏಟಿಗೆ ಸಿಗಲಿಲ್ಲ. ಅಂದಾಜು ತಡವಾಗಿ ಬರುತ್ತಿರುವುದರಿಂದ ನೇರ ಕವಲನ್ನೂ ಅಷ್ಟೇ ತಡಮಾಡೋಣ ಎಂದು ತಂಡದ ಒಬ್ಬರು ಸೂಚಿಸಿದರು. ನೇರ ಕವಲಿನಲ್ಲಿ 32,768 ಸ್ಯಾಂಪಲ್‌ಗಳ ವಿಳಂಬ ಬ್ಲಾಕ್ ಇಡಲಾಯಿತು. ಎಣಿಕೆಗಳು ಮತ್ತೆ ಏಳಕ್ಕೇ ನಿಂತವು. ಗ್ನೂ ರೇಡಿಯೊದ ವಿಳಂಬ ಬ್ಲಾಕ್ ಸ್ಯಾಂಪಲ್‌ಗಳನ್ನು ಕೂಡಿಟ್ಟುಕೊಳ್ಳುವ ಉಗ್ರಾಣವಲ್ಲ. ಅದು ಆರಂಭದಲ್ಲಿ ಇನ್‌ಪುಟ್ ಸ್ವಲ್ಪವೂ ತೆಗೆದುಕೊಳ್ಳದೆ ಸೊನ್ನೆಗಳನ್ನು ಹೊರಹಾಕುತ್ತದೆ, ಅಷ್ಟೆ. ಆ ಸೊನ್ನೆಗಳೇ ಅದರ ಔಟ್‌ಪುಟ್ ಬಫರ್ ತುಂಬಿಕೊಂಡವು, ಫಿಲ್ಟರ್‌ನ ಬಫರ್ ಇದ್ದಂತೆಯೇ ಉಳಿಯಿತು. ಜೊತೆಗೆ ಈ ವಿನ್ಯಾಸದಲ್ಲಿ ವಿಳಂಬವೇ ಬೇಕಿರಲಿಲ್ಲ. ಗುಣಕ ತಾನಾಗಿಯೇ ಎರಡೂ ಕಡೆಯ ಮೊದಲ ಸ್ಯಾಂಪಲ್‌ಗಳನ್ನು ಜೋಡಿಸಿ ನಡೆಯುತ್ತದೆ. ಬೇಕಿದ್ದದ್ದು ಕಾಯುವ ಜಾಗ.

ಜಾಗ ಹೆಚ್ಚಿಸಲು ಬ್ಲಾಕಿನ ಗುಣಲಕ್ಷಣಗಳ ಕಿಟಕಿಯಲ್ಲಿ ಕನಿಷ್ಠ ಔಟ್‌ಪುಟ್ ಬಫರ್ ಎಂಬ ಆಯ್ಕೆಯಿದೆ. ಅದನ್ನು ಮೊದಲು ಗುಣಕದಲ್ಲಿ ಏರಿಸಿದ್ದರಿಂದ ಏನೂ ಆಗಲಿಲ್ಲ, ಏಕೆಂದರೆ ತುಂಬಿದ್ದ ಬಫರ್ ಗುಣಕದ್ದಲ್ಲ, ಫಿಲ್ಟರ್‌ನದು. ಬಫರ್ ಸದಾ ಬರೆಯುವವನಿಗೆ ಸೇರಿದ್ದು. ನಂತರ ಫಿಲ್ಟರ್‌ನಲ್ಲಿ 32 ಗುಣಿಸು 1024, ಅಂದರೆ 32,768 ಎಂದು ಬರೆದರು. ಈ ಸಲ ಅಂದಾಜು ಬ್ಲಾಕ್ 31 ವೆಕ್ಟರ್ ಓದಿ ನಿಂತಿತು. ತಂಡಕ್ಕೆ ನಿರಾಸೆಯಾಯಿತು, ನನಗೆ ಮಾತ್ರ ಇದು ಇಡೀ ಪ್ರಕರಣದ ಅತ್ಯಂತ ಸಮಾಧಾನದ ಗಳಿಗೆ. ಏಳರಿಂದ ಮೂವತ್ತೊಂದಕ್ಕೆ ಏರಿದ್ದು ನಾವು ಸರಿಯಾದ ಬಫರನ್ನೇ ಹಿಡಿದಿದ್ದೇವೆ ಎಂಬುದಕ್ಕೂ, ಒಂದು ಸ್ಯಾಂಪಲ್ ಕೊರತೆಯಿಂದ ನಿಂತದ್ದು ಖಾಲಿ ಸ್ಥಾನದ ಲೆಕ್ಕ ಸರಿ ಎಂಬುದಕ್ಕೂ ಸಾಕ್ಷಿಯಾಗಿತ್ತು. 32,769 ಕೇಳಿದರೆ ಸಾಕು; ಗ್ನೂ ರೇಡಿಯೊ ಅದನ್ನು 4096 ಬೈಟ್‌ಗಳ ಸ್ಮೃತಿ ಪುಟಕ್ಕೆ ಹೊಂದುವಂತೆ 33,280ಕ್ಕೆ ಏರಿಸಿಕೊಳ್ಳುತ್ತದೆ. ಹಾಗೆ ಮಾಡಿದಾಗ ಹರಿವು ಶುರುವಾಯಿತು, ಫೈಲ್ ಕೊನೆಯವರೆಗೆ ಓದಿ ಮುಗಿಯಿತು.

ಆದರೆ ಹರಿಯುವುದೇ ಬೇರೆ, ನೇರ ಪ್ರಸಾರಕ್ಕೆ ಸಾಕಾಗುವಂತೆ ಹರಿಯುವುದೇ ಬೇರೆ. 33,280ರಲ್ಲಿ ಬಫರ್ ತುಂಬಿ, ಅಂದಾಜು ಹೊರಬಂದು, ಗುಣಕ ಓದಲು ತೊಡಗುವವರೆಗೆ ಫಿಲ್ಟರ್ ಬಹುಮಟ್ಟಿಗೆ ಕೈಕಟ್ಟಿ ನಿಲ್ಲಬೇಕು. ಫೈಲ್ ಆದರೆ ಕಾಯುತ್ತದೆ, ಉಪಗ್ರಹ ಕಾಯುವುದಿಲ್ಲ. ಆದ್ದರಿಂದ ಅಗತ್ಯದ ಎರಡರಷ್ಟು, ಅಂದರೆ 65,536 ಸ್ಯಾಂಪಲ್ ಇಡಲು ನಿರ್ಧರಿಸಿದೆವು. ಒಂದು ಅವಧಿಯ ಸ್ಯಾಂಪಲ್‌ಗಳು ಗುಣಕಕ್ಕಾಗಿ ಕಾಯುತ್ತಿರುವಾಗ ಫಿಲ್ಟರ್ ಮುಂದಿನ ಅವಧಿಯದನ್ನು ಬರೆಯುತ್ತಾ ಹೋಗಬಹುದು. ಇದಕ್ಕೆ ತಗಲುವ ಸ್ಮೃತಿ 512 ಕಿಲೋಬೈಟ್. ಪೈಗೂ ಅದು ಹೊರೆಯಲ್ಲ.

ಇನ್ನೊಂದು ದಾರಿಯನ್ನು ನಾವು ಗಂಭೀರವಾಗಿ ತೂಗಿ ನೋಡಿ ಕೈಬಿಟ್ಟೆವು, ಕೈಬಿಟ್ಟ ಕಾರಣ ಹೇಳುವುದು ಅಗತ್ಯ. ಅಂದಾಜು ಬ್ಲಾಕಿನ ಔಟ್‌ಪುಟ್‌ನಲ್ಲಿ ಒಂದೇ ಒಂದು ಆರಂಭಿಕ ಬೆಲೆ, ಎಂದರೆ ಸೊನ್ನೆ ಹರ್ಟ್ಜ್, ಮೊದಲೇ ಇಟ್ಟುಬಿಟ್ಟರೆ ಸುತ್ತು ಕಡಿದುಹೋಗುತ್ತದೆ. ಗುಣಕ ಮೊದಲ 32,768 ಸ್ಯಾಂಪಲ್‌ಗಳನ್ನು ಆ ಸೊನ್ನೆಯ ಜೊತೆ ನಡೆಸುತ್ತದೆ, ಅಷ್ಟರಲ್ಲಿ ನಿಜವಾದ ಅಂದಾಜು ಸಿದ್ಧವಾಗುತ್ತದೆ, ಬಫರ್ ಹಿಗ್ಗಿಸುವ ಅಗತ್ಯವೇ ಬೀಳುವುದಿಲ್ಲ. ಎಡ್ವರ್ಡ್ ಲೀ ಮತ್ತು ಡೇವಿಡ್ ಮೆಸ್ಸರ್ಶ್ಮಿಟ್ 1987ರಲ್ಲಿ ರೂಪಿಸಿದ ಸಮಕಾಲಿಕ ದತ್ತಾಂಶ ಹರಿವಿನ ಮಾದರಿಯಲ್ಲೂ ಹೀಗೆ ಆರಂಭಿಕ ಟೋಕನ್‌ಗಳಿಂದ, ಅಂದರೆ ಮೊದಲೇ ಇಟ್ಟ ಬೆಲೆಗಳಿಂದ, ಸ್ತಂಭನ ಬಿಡಿಸುವ ಕ್ರಮವಿದೆ. ಆದರೆ ಇದರ ಬೆಲೆಯೆಂದರೆ ಪ್ರತಿ ತಿದ್ದುಪಡಿಯೂ ಒಂದು ಅವಧಿ, ಅಂದರೆ 0.68 ಸೆಕೆಂಡ್, ಹಳೆಯದಾಗಿರುತ್ತದೆ. ಉಪಗ್ರಹ ನೆತ್ತಿಯ ಮೇಲಿರುವಾಗ ಈ ಬ್ಯಾಂಡಿನಲ್ಲಿ ಆವರ್ತನ ಸೆಕೆಂಡಿಗೆ ನೂರು ಹರ್ಟ್ಜ್‌ಗೂ ಹೆಚ್ಚು ಜಾರಬಹುದು. ಬೀಕನ್ ಎಡೆಬಿಡದೆ ಪ್ರಸಾರವಾಗುತ್ತಿದ್ದರೆ ಅಷ್ಟನ್ನು ಕೋಸ್ಟಾಸ್ ಲೂಪ್ ಸಹಿಸಿಕೊಳ್ಳುತ್ತಿತ್ತು. ಇವರು ಹಿಡಿಯಬೇಕಿದ್ದುದು ಒಂದೆರಡು ಸೆಕೆಂಡ್‌ಗಳ ಪ್ಯಾಕೆಟ್. ಪ್ಯಾಕೆಟ್‌ಗೆ ಮುಂಚಿನ ಅವಧಿಯಲ್ಲಿ ಬರಿಯ ನಾಯ್ಸ್ ಇರುತ್ತದೆ. ಅದರಿಂದ ಪಡೆದ ಅಂದಾಜನ್ನು ಪ್ಯಾಕೆಟ್‌ನ ಮೊದಲ ಭಾಗಕ್ಕೆ ಹಾಕಿದರೆ ಆ ಭಾಗ ಹಾಳಾಗುತ್ತದೆ. ಹವ್ಯಾಸಿ ರೇಡಿಯೊದ ಪ್ಯಾಕೆಟ್ ಕ್ರಮವಾದ ಎಎಕ್ಸ್.25ರ ಫ್ರೇಮ್‌ನ ಕೊನೆಯ 16 ಬಿಟ್‌ಗಳ ತಪಾಸಣೆ ಇಡೀ ಫ್ರೇಮ್‌ಗೆ ಅನ್ವಯಿಸುವುದರಿಂದ, ತಲೆಭಾಗ ಹೋದರೆ ಉಳಿದದ್ದೂ ವ್ಯರ್ಥ. ಬಫರ್ ಹಿಗ್ಗಿಸಿದರೆ ಫಲಿತಾಂಶ 0.68 ಸೆಕೆಂಡ್ ತಡವಾಗಿ ಸಿಗುತ್ತದೆ, ಆದರೆ ಪ್ರತಿ ಸ್ಯಾಂಪಲ್‌ಗೂ ಅದರದೇ ಕಾಲದ ತಿದ್ದುಪಡಿ ಸಿಗುತ್ತದೆ. ಡಿಕೋಡ್ ಮಾಡಿದ ಟೆಲಿಮೆಟ್ರಿ (ಉಪಗ್ರಹದ ಸ್ಥಿತಿಯ ಮಾಹಿತಿ) ಒಂದು ಸೆಕೆಂಡ್ ತಡವಾಗಿ ಬಂದರೆ ಯಾರಿಗೂ ನಷ್ಟವಿಲ್ಲ. ಆಯ್ಕೆ ಅಲ್ಲಿಗೆ ಇತ್ಯರ್ಥವಾಯಿತು.

ಎಲ್ಲ ಬ್ಲಾಕ್‌ಗಳ ಬಫರನ್ನೂ ಒಟ್ಟಿಗೆ ಹಿಗ್ಗಿಸಿಬಿಡೋಣ ಎಂಬ ಸಲಹೆಯೂ ಬಂದಿತ್ತು. ಅದು ಸ್ತಂಭನವನ್ನು ಬಿಡಿಸುತ್ತಿತ್ತು. ಆದರೆ ಸರಾಸರಿಯ ಸಂಖ್ಯೆಗೂ ಫಿಲ್ಟರ್‌ನ ಬಫರ್‌ಗೂ ಇರುವ ಸಂಬಂಧ ಮತ್ತೆ ಮರೆಗೆ ಸರಿದು, ಮುಂದಿನ ವರ್ಷ ಇನ್ಯಾರೋ ಸರಾಸರಿಯನ್ನು ಏರಿಸಿದಾಗ ಇದೇ ಹುಡುಕಾಟ ಮೊದಲಿನಿಂದ ಶುರುವಾಗುತ್ತಿತ್ತು.

ಫಲಿತಾಂಶ ಮತ್ತು ಮುಂದಿನವರಿಗೆ ಉಳಿದದ್ದು

ಬದಲಾವಣೆಯ ನಂತರ ರಿಸೀವರ್ ಡಾಂಗಲ್‌ನ ಮೇಲೆ ನಿಲ್ಲದೆ ಓಡಿತು, ‘ಓ’ ಅಕ್ಷರಗಳು ಕಾಣೆಯಾದವು. ದಿಗಂತದ ಬಳಿಯ ಬಲಹೀನ ಸಂಕೇತದಲ್ಲಿ ಅಂದಾಜು ಮೊದಲಿಗಿಂತ ಸ್ಥಿರವಾಯಿತು, ಇಡೀ ಬದಲಾವಣೆಯ ಮೂಲ ಉದ್ದೇಶವೂ ಅದೇ ಆಗಿತ್ತು.

ತಂಡ ಈಗ ಕವಲೊಡೆದು ಕೂಡುವ ಪ್ರತಿ ಜಾಗಕ್ಕೂ ಒಂದು ಲೆಕ್ಕ ಬರೆದಿಡುತ್ತದೆ. ನಿಧಾನ ಕವಲು ತನ್ನ ಮೊದಲ ಔಟ್‌ಪುಟ್ ಕೊಡುವ ಮುನ್ನ ಎಷ್ಟು ಸ್ಯಾಂಪಲ್ ನುಂಗುತ್ತದೆ ಎಂಬುದು ಒಂದು ಬದಿ; ಕವಲೊಡೆಯುವ ಬಫರ್‌ನಿಂದ ಹಿಡಿದು ಕೂಡುವ ಬ್ಲಾಕ್‌ವರೆಗೆ ವೇಗದ ಕವಲಿನಲ್ಲಿ ಇರುವ ಎಲ್ಲ ಬಫರ್‌ಗಳ ಒಟ್ಟು ಜಾಗ, ಪ್ರತಿಯೊಂದರಿಂದ ಒಂದು ಕಳೆದು, ಇನ್ನೊಂದು ಬದಿ. ಎರಡನೆಯದು ಮೊದಲನೆಯದಕ್ಕಿಂತ ಕಡಿಮೆಯಾದರೆ ಫ್ಲೋಗ್ರಾಫ್ ನಿಲ್ಲುವುದು ಖಚಿತ. ನೇರ ಕವಲಿನಲ್ಲಿ ಬೇರೆ ಬ್ಲಾಕ್‌ಗಳಿದ್ದರೆ ಅವುಗಳ ಬಫರ್‌ಗಳೂ ಲೆಕ್ಕಕ್ಕೆ ಸೇರುತ್ತವೆ ಎಂಬುದನ್ನು ಗಮನಿಸಬೇಕು. ಯಾವುದೋ ಪರೀಕ್ಷೆಗೆಂದು ನಡುವೆ ಇಟ್ಟ ಬ್ಲಾಕ್ ತೆಗೆದ ಕೂಡಲೇ ಹರಿವು ನಿಲ್ಲುವ ಸೋಜಿಗಕ್ಕೆ ಸಾಮಾನ್ಯವಾಗಿ ಇದೇ ಕಾರಣ. ಒಎಫ್‌ಡಿಎಂ (ಹಲವು ಉಪವಾಹಕ ಆವರ್ತನಗಳಲ್ಲಿ ದತ್ತಾಂಶ ಹಂಚಿ ಕಳಿಸುವ ವಿಧಾನ) ರಿಸೀವರ್‌ಗಳಲ್ಲಿ ಪ್ರಿಯಾಂಬಲ್, ಅಂದರೆ ಪ್ಯಾಕೆಟ್‌ನ ಆರಂಭದ ಗುರುತು, ಹುಡುಕುವ ಕವಲು, ಉದ್ದ ಕೋರಿಲೇಷನ್ (ಗೊತ್ತಿರುವ ಮಾದರಿಯೊಂದಿಗೆ ಹೋಲಿಕೆ) ಮಾಡುವ ಕವಲು, ನಾಯ್ಸ್ ಮಟ್ಟ ಅಳೆಯುವ ಕವಲು, ಎಲ್ಲಕ್ಕೂ ಈ ಲೆಕ್ಕ ಹಾಗೆಯೇ ಅನ್ವಯಿಸುತ್ತದೆ.

ಫ್ಲೋಗ್ರಾಫ್‌ನಲ್ಲಿ 65,536 ಎಂಬ ಅಂಕಿಯನ್ನು ಎಲ್ಲೂ ನೇರವಾಗಿ ಬರೆದಿಲ್ಲ. ಎಫ್‌ಎಫ್‌ಟಿ ಉದ್ದ ಮತ್ತು ಸರಾಸರಿಯ ಸಂಖ್ಯೆ ಎಂಬ ಎರಡು ಚರಗಳ ಗುಣಲಬ್ಧದ ಎರಡರಷ್ಟು ಎಂದು ಫಿಲ್ಟರ್‌ನ ಕನಿಷ್ಠ ಬಫರ್ ಜಾಗದಲ್ಲಿ ಬರೆಯಲಾಗಿದೆ, ಹಾಗಾಗಿ ಸರಾಸರಿಯನ್ನು 64ಕ್ಕೆ ಏರಿಸಿದವರಿಗೆ ಬಫರ್ ತಾನಾಗಿ ಹಿಗ್ಗುತ್ತದೆ. ಎಣಿಕೆ ಮುದ್ರಿಸುವ ಆ ನಾಲ್ಕು ಸಾಲಿನ ಕೋಡನ್ನೂ ತೆಗೆದುಹಾಕಿಲ್ಲ. ಯಾವುದೇ ಬ್ಲಾಕಿನ ಅಂಕಿ ಐದು ಸೆಕೆಂಡ್ ಕದಲದಿದ್ದರೆ ಅದು ಎಲ್ಲ ಬ್ಲಾಕ್‌ಗಳ ಓದಿದ, ಬರೆದ ಲೆಕ್ಕವನ್ನು ಲಾಗ್ ಫೈಲ್‌ಗೆ ಬರೆಯುತ್ತದೆ.